ಮುಂದೆ ಒಂದು, ಹಿಂದೆ ಎರಡು

ಬೆನ್ನುಹುರಿಗೆ ರಕ್ತ ಒಯ್ಯುವ ಉದ್ದನೆಯ ಅಪಧಮನಿಗಳು ಮೂರು: ಮುಂದೆ ಒಂದು, ಹಿಂದೆ ಎರಡು. ಫಿಸಿಯೋಥೆರಪಿ ಓದುವ ಕಪಿಲ ಹೋದ ಸಲದ ಮೌಖಿಕ ಪರೀಕ್ಷೆಯಲ್ಲಿ ಇದನ್ನೇ ತಿರುಗಾಮುರುಗಾ ಹೇಳಿ ಬೆವರು ಒರೆಸಿಕೊಂಡು ಬಂದಿದ್ದ. ಈ ಸಲ ಮರುಪರೀಕ್ಷೆಗೆ ಹೊರಟು ಬಸವಕಲ್ಯಾಣದಲ್ಲಿ ಹುಮನಾಬಾದ್ ಬಸ್ಸು ಹತ್ತಿದವನೇ ಕಣ್ಣು ಮುಚ್ಚಿ ಉರುಹೊಡೆಯತೊಡಗಿದ.

“ಮುಂದ ಒಂದು, ಹಿಂದ ಎರಡು.”

“ಮೂರು ಟಿಕೇಟೇನ್ರಿ? ಉಳದ ಇಬ್ಬರು ಎಲ್ಲಿ ಕುಂತಾರ?” ಎಂದ ಕಂಡಕ್ಟರ್.

ಕಪಿಲ ಬೆನ್ನುಹುರಿಯ ವಿಷಯ ಬಿಡಿಸಿ ಹೇಳಿದ. ಅದೇ ತಪ್ಪಾಯಿತು. ಇಡೀ ಬಸ್ಸಿಗೆ ಬೆನ್ನುನೋವು ಶುರುವಾಯಿತು. ಪಕ್ಕದಲ್ಲಿದ್ದ ದರ್ಜಿ ಖಮರುದ್ದೀನ್ ಅಂಗಿ ಎತ್ತಿ, “ಬೇಟಾ, ಇಲ್ಲಿ ಜರಾ ಒತ್ತಿ ನೋಡು,” ಎಂದರು. ಹಿಂದಿನ ಸೀಟಿನ ಸುಮನಬಾಯಿ ಎದ್ದು ಬಂದು ಬೆನ್ನು ತಿರುಗಿಸಿ ನಿಂತರು. ಗದ್ದಲದಲ್ಲಿ ಕಪಿಲನ ತೊಡೆಯ ಮೇಲಿದ್ದ ಪುಸ್ತಕ ಸೀಟಿನಡಿ ಜಾರಿ ಮಾಯವಾಯಿತು.

“ನನಗ ಪರೀಕ್ಷಾ ಅದರಿ,” ಕಪಿಲ ಅಳುವಂತಾದ.

“ಹಂಗಾದ್ರ ನಮಗ ಹೇಳು ತಮ್ಮಾ,” ಎಂದ ಹಳ್ಳಿಖೇಡದ ಕಬ್ಬಿನ ರೈತ ಮಚ್ಚೇಂದ್ರ. “ಮೂರು ಕಾಲುವಿ ಅಂದಿ. ಕುತ್ತಿಗ್ಯಾಗ ಬಿಟ್ಟ ನೀರು ಸೊಂಟದ ತನಕ ಹ್ಯಾಂಗ ಮುಟ್ಟತದ?”

“ಮುಟ್ಟಂಗಿಲ್ರಿ. ಅದಕ್ಕ ದಾರ್ಯಾಗ ಮಹಾಧಮನಿ ಕವಲು ಬಂದು ಕೂಡತಾವ. ಎಲ್ಲಕ್ಕಿಂತ ದೊಡ್ಡದು ಎದಿ-ಸೊಂಟ ಕೂಡೋ ಕಡಿ, ಭಾಳ ಮಂದಿಗಿ ಎಡಕ್ಕ ಇರತದ.”

“ಅದು ಕಟ್ಟಿಕೊಂಡ್ರ?”

“ಎರಡೂ ಕಾಲಿನ ಶಕ್ತಿ ಹೋಗಬಹುದ್ರಿ.”

ಖಮರುದ್ದೀನ್ ಮೆಲ್ಲನೆ ಅಂಗಿ ಇಳಿಸಿದರು. ಹುಮನಾಬಾದ್ ಬರುವಷ್ಟರಲ್ಲಿ ಬಸ್ಸಿನವರು ಅವನಿಂದ ಮೂರು ಸಲ ಹೇಳಿಸಿದರು. ಕಪಿಲನಿಗೆ ಪುಸ್ತಕ ಹುಡುಕಬೇಕೆನಿಸಲಿಲ್ಲ.

ಕಾಲೇಜಿನಲ್ಲಿ ಪರೀಕ್ಷಕಿ ಡಾ. ಸುಜಾತಾ ಕೇಳಿದ್ದೂ ಅದನ್ನೇ. ಕಪಿಲ ಹತ್ತು ನಿಮಿಷ ಉಸಿರು ಬಿಡದೆ ಹೇಳಿದ. ಅವರು ಕನ್ನಡಕ ತೆಗೆದು ಕೈ ಕುಲುಕಿದರು. “ನನ್ನ ಸರ್ವೀಸಿನ್ಯಾಗ ಇಂಥ ಉತ್ತರ ಕೇಳಿಲ್ರಿ.”

ಕಪಿಲನ ಎದೆ ಅಂಗಿಯ ಗುಂಡಿ ಹರಿಯುವಷ್ಟು ಉಬ್ಬಿತು. ಅಂಕ ಬರೆಯಲು ಅವರು ಪಟ್ಟಿಯ ಮೇಲೆ ಎರಡು ಸಲ ಬೆರಳಾಡಿಸಿದರು.

“ನಿಮ್ಮ ನಂಬರೇ ಇಲ್ಲಲ್ರಿ.”

ಗುಮಾಸ್ತ ದಿಗಂಬರ ಬಂದು ಹಾಲ್ ಟಿಕೆಟ್ ಇಸಿದುಕೊಂಡು ಓದಿದ. ಒಂದು ವಿಷಯ ಫೇಲಾಗಿದೆ ಎಂದು ಕೇಳಿದಾಗಲೇ ಅದು ಬೆನ್ನುಹುರಿಯದ್ದೇ ಎಂದುಕೊಂಡಿದ್ದ ಕಪಿಲ, ಅದರಲ್ಲಿ ತನ್ನ ಫೋಟೋ ಚೆಂದ ಬಂದಿದೆಯೇ ಎಂದಷ್ಟೇ ನೋಡಿದ್ದ.

“ಅನಾಟಮಿ ಹೋದ ಸಲನೇ ಪಾಸಾಗೀರಲ್ರಿ. ಉಳದದ್ದು ಬಯೋಕೆಮಿಸ್ಟ್ರಿ.”

“ಅದು ಯಾವಾಗ್ರಿ?”

“ಬಾಜೂ ಖೋಲ್ಯಾಗ ನಡದದ. ನಿಮ್ಮ ಹೆಸರು ಎರಡು ಸಲ ಕರದಾರ.”

ಆ ವಿಷಯದ ಒಂದು ಪುಟವನ್ನೂ ತೆರೆದಿರದ ಕಪಿಲ, ಗೆದ್ದವನ ನಗೆಯನ್ನು ಮುಖದಿಂದ ಇಳಿಸಲಾಗದೆ ಪಕ್ಕದ ಕೋಣೆಯ ಬಾಗಿಲು ತಟ್ಟಿದ.