ಬೀದಿಯಲ್ಲಿ ಹಾಸಿದ ಅರ್ಥಶಾಸ್ತ್ರ

ಯಾರು ಮಾತನಾಡುತ್ತಾರೋ ಅವರ ಮಾತು ಮುಗಿಯುವ ತನಕ ಅದೇ ಸರಿ ಎಂದು ನನಗೆ ಅನಿಸುತ್ತದೆ. ಇದೊಂದು ಕಾಯಿಲೆಯೇ ಇರಬೇಕು. ಹಾಗಿದ್ದೂ ಕೊಯಮತ್ತೂರಿನ ನಮ್ಮ ನೇಕಾರರ ಬೀದಿಯಲ್ಲಿ ತಿಳಿದವನೆಂಬ ಹೆಸರು ನನಗೇ ಬಂದುಬಿಟ್ಟಿದೆ. ಕಾರಣವಿಷ್ಟೇ: ಬೀದಿಯ ಕೊನೆಯ ವಾಚನಾಲಯಕ್ಕೆ ಮಗ್ಗ ಬಿಟ್ಟು ಹೋಗುವವನು ನಾನೊಬ್ಬನೇ. ಮನೆಯಲ್ಲಿ ನಮಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ವಾಚನಾಲಯದಲ್ಲಿ ಭಾಷಣ ಮಾಡುವವರು ಅರ್ಧ ತಮಿಳು, ಅರ್ಧ ಇಂಗ್ಲಿಷ್. ಹೀಗಾಗಿ ಜಗತ್ತಿನ ಯಾವ ಸಿದ್ಧಾಂತವಾದರೂ ನನ್ನ ತಲೆಗೆ ಬರುವಾಗ ಎರಡು ಸಲ ಗಾಡಿ ಬದಲಿಸಿಕೊಂಡೇ ಬರಬೇಕು, ದಾರಿಯಲ್ಲಿ ಒಂದೆರಡು ಗಂಟು ಕಳೆದುಹೋದರೆ ಅದು ನನ್ನ ತಪ್ಪಲ್ಲ.

ಕೆಲವು ದೇಶಗಳು ಏಕೆ ಶ್ರೀಮಂತ, ಕೆಲವು ಏಕೆ ಬಡ ಎಂಬ ವಿಷಯದ ಮೇಲೆ ಅಲ್ಲಿ ಮೂರು ಭಾನುವಾರ ಮೂರು ಜನ ಮಾತನಾಡಿದರು. ಮೊದಲನೆಯವರು ಒಬ್ಬ ವಕೀಲರು. ಯಾರಿಗೆ ಯಾವ ಕೆಲಸ ಚೆನ್ನಾಗಿ ಬರುತ್ತದೋ ಅವರು ಅದನ್ನೇ ಮಾಡಿ, ಉಳಿದದ್ದನ್ನು ಬದಲಿಗೆ ಪಡೆದರೆ ಎಲ್ಲ ದೇಶಗಳೂ ಉದ್ಧಾರವಾಗುತ್ತವೆ ಎಂದರು. ನಾನು ತಲೆದೂಗಿದೆ. ಎರಡನೆಯವರು ತಿರುಪ್ಪೂರಿನಿಂದ ಬಂದ ಖಾದಿಯವರು. ಕುನ್ನತ್ತೂರಿನ ಹತ್ತಿ ರೈಲು ಹತ್ತಿ, ಹಡಗು ಹತ್ತಿ, ಬಟ್ಟೆಯಾಗಿ ವಾಪಸು ಬಂದು ಕುನ್ನತ್ತೂರಿನ ರೈತನ ಮೈಮೇಲೇ ಕೂರುತ್ತದೆ, ನಡುವೆ ಬರಿದಾಗುವವರು ನಾವು, ಆದ್ದರಿಂದ ಬೇಕಾದದ್ದನ್ನು ನಾವೇ ಮಾಡಿಕೊಳ್ಳಬೇಕು ಎಂದರು. ಅದಕ್ಕೂ ತಲೆದೂಗಿದೆ. ಮೂರನೆಯವರು ಕಾಲೇಜಿನ ಮೇಷ್ಟ್ರು. ಎಲ್ಲ ದೇಶಗಳೂ ಒಂದೇ ಮೆಟ್ಟಿಲು ಹತ್ತುತ್ತವೆ, ನಾವು ಕೆಳಗಿದ್ದೇವೆ ಅಷ್ಟೇ, ತಾಳ್ಮೆ ಬೇಕು ಎಂದರು. ಮನೆಗೆ ಬರುವಷ್ಟರಲ್ಲಿ ನನ್ನ ಕತ್ತು ನೋಯುತ್ತಿತ್ತು.

ಇಷ್ಟಕ್ಕೇ ಬಿಟ್ಟಿದ್ದರೆ ತೊಂದರೆ ಇರಲಿಲ್ಲ. ವಕೀಲರ ಸಿದ್ಧಾಂತವನ್ನು ನಾನು ಮನೆಯಲ್ಲಿ ಜಾರಿಗೆ ತಂದೆ. ನಮ್ಮ ಬೀದಿಯಲ್ಲಿ ಒಂದು ಪದ್ಧತಿಯುಂಟು. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನು, ನಾವು ಪಾವು ಎನ್ನುತ್ತೇವೆ, ಬೆಳಗಿನ ಜಾವ ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಾಕಿ, ಎರಡೂ ಕಡೆ ಜನ ನಿಂತು ದೊಡ್ಡ ಕುಂಚದಿಂದ ಉಜ್ಜುತ್ತಾ ಹೋಗಬೇಕು. ಗಂಜಿ ಆರುವ ಮೊದಲು ಉಜ್ಜದಿದ್ದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಇಡೀ ಪಾವು ಹಾಳು. ಇದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಹಾಗಾಗಿ ಯಾರ ಮನೆಯ ಪಾವಿದ್ದರೂ ಪ್ರತಿ ಮನೆಯಿಂದ ಒಬ್ಬರು ಬರಬೇಕು. ಯಾರೂ ಕರೆಯುವುದಿಲ್ಲ, ಯಾರೂ ಕೂಲಿ ಕೇಳುವುದಿಲ್ಲ. ನಮ್ಮ ಮನೆಯಿಂದ ಹೋಗುತ್ತಿದ್ದವನು ನಾನು. ನಾನು ಕುಂಚ ಹಿಡಿದರೆ ಎಳೆ ಕಡಿಯುವುದು ಖಚಿತ. ಅಂದರೆ ಈ ಕಸುಬಿನಲ್ಲಿ ನಾನೊಂದು ಹಿಂದುಳಿದ ದೇಶ. ಹಿಂದುಳಿದ ದೇಶ ತನಗೆ ಬಾರದ ಕೆಲಸ ಮಾಡಿ ಜಗತ್ತಿಗೆ ನಷ್ಟ ಮಾಡುವುದೇಕೆ? ಬೀದಿಯ ಹಿರಿಯ ಲಿಂಗಪ್ಪ ಮಾಮನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಎಲೆಯಡಿಕೆ ಜಗಿಯುತ್ತಾ ಕೊನೆಯ ತನಕ ಕೇಳಿದರು. "ಆಮಾ ಆಮಾ, ದೊಡ್ಡ ವಿಷಯ," ಎಂದು ಎದ್ದುಹೋದರು. ತಮಿಳಿನ ಆಮಾ ಎಂದರೆ ಹೌದು; ಒಪ್ಪಿಗೆ ಸಿಕ್ಕಿತೆಂದು ಮರುದಿನದಿಂದ ಹೋಗುವುದನ್ನು ಬಿಟ್ಟೆ.

ಎರಡು ತಿಂಗಳು ಸಿದ್ಧಾಂತ ಎಷ್ಟು ಚೆನ್ನಾಗಿ ನಡೆಯಿತೆಂದರೆ ವಕೀಲರನ್ನು ಹುಡುಕಿಕೊಂಡು ಹೋಗಿ ಹೇಳೋಣ ಎನಿಸಿತ್ತು. ಬಿಸಿಲು ಬರುವ ತನಕ ನಿದ್ದೆ. ಎದ್ದು ಪೇಪರು. ಕೆನ್ನೆ ಕೂಡ ತುಂಬಿಕೊಂಡಿತು. ಬೀದಿಯಲ್ಲಿ ಒಬ್ಬರೂ ತಕರಾರು ಎತ್ತಲಿಲ್ಲ. ನಡುವೆ ಎಚ್ಚರವಾದಾಗ ಹೆಂಡತಿ ಚೌಡಮ್ಮ ಮನೆಯಲ್ಲಿ ಇರುತ್ತಿರಲಿಲ್ಲ, ನೀರಿಗೆ ಹೋಗಿರಬೇಕು ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದೆ.

ಆಮೇಲೆ ನಮ್ಮ ಮನೆಯ ಪಾವಿನ ದಿನ ಬಂತು. ಅದು ಬರೀ ಪಾವಲ್ಲ. ಮಡತ್ತುಕುಳದಲ್ಲಿರುವ ತನ್ನ ತಂಗಿಯ ಮದುವೆಗೆ ಕೈಯಾರೆ ನೇಯ್ದ ಸೀರೆಯನ್ನೇ ಉಡಿಸಬೇಕೆಂದು ಚೌಡಮ್ಮ ವರ್ಷದಿಂದ ಆಸೆ ಇಟ್ಟುಕೊಂಡಿದ್ದಳು. ನೂಲನ್ನು ಒಂದೊಂದೇ ಲಡಿ ನೋಡಿ ಆರಿಸಿದ್ದಳು. ಕತ್ತಲಿರುವಾಗಲೇ ಇಬ್ಬರೂ ಪಾವನ್ನು ಎಳೆದು ಕಟ್ಟಿದೆವು. "ಮಿಲ್ಲಿನ ಸಂಗು ಊದೋ ತನಕ ಗಂಜಿ ಮುಟ್ಬೇಡಿ," ಎಂದು ಹೇಳಿ ಅವಳು ಎರಡನೆಯ ಗಡಿಗೆ ಗಂಜಿ ಸೋಸಲು ಒಳಗೆ ಹೋದಳು. ಸಂಗು ಎಂದರೆ ನಮ್ಮಲ್ಲಿ ಮಿಲ್ಲಿನ ಸೈರನ್. ನಾನು ಬೀದಿ ನೋಡಿದೆ. ಒಂದು ಬಾಗಿಲೂ ತೆರೆದಿರಲಿಲ್ಲ. ಆಗ ಹೊಳೆಯಿತು: ಎರಡು ತಿಂಗಳು ಯಾರ ಪಾವಿಗೂ ಹೋಗದವನ ಪಾವಿಗೆ ಯಾರು ಬರುತ್ತಾರೆ?

ಮೂವರು ಮಹನೀಯರನ್ನೂ ನೆನೆದೆ. ಬದಲಿಗೆ ಕೊಡು ಎಂದರು ವಕೀಲರು. ಕೊಡಲು ನನ್ನ ಹತ್ತಿರ ಇದ್ದದ್ದು ಬೆಳಗಿನ ನಿದ್ದೆ ಮಾತ್ರ. ತಾಳ್ಮೆ ಎಂದರು ಮೇಷ್ಟ್ರು. ಬಿಸಿಲಿಗೆ ಅದು ಗೊತ್ತಿಲ್ಲ. ಉಳಿದದ್ದು ಖಾದಿಯವರು. ನೀನೇ ಮಾಡಿಕೋ ಎಂದಂತಾಯಿತು. ಚೌಡಮ್ಮ ಹೇಳಿದ್ದನ್ನು ಮರೆತು ಒಂದು ತುದಿಗೆ ಗಂಜಿ ಹಾಕಿಯೇಬಿಟ್ಟೆ. ಈ ಕಡೆ ನಾಲ್ಕು ಸಲ ಉಜ್ಜಿ, ಓಡಿಹೋಗಿ ಆ ಕಡೆ ನಾಲ್ಕು ಸಲ ಉಜ್ಜಿದೆ. ನಾನು ತಿರುಗಿ ಬರುವಷ್ಟರಲ್ಲಿ ಎಳೆಗಳು ಒಂದರ ಕೈ ಒಂದು ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಗಡಿಗೆ ಹಿಡಿದು ಹೊರಗೆ ಬಂದ ಚೌಡಮ್ಮ ಅಂಟಿದ ಎಳೆಗಳನ್ನು ನೋಡಿದಳು. ಕಣ್ಣು ತುಂಬಿತ್ತು. ಕುಂಚ ಕಿತ್ತುಕೊಂಡು ಎದುರು ಬದಿಗೆ ಹೋದಳು. ಅಷ್ಟು ನಾಚಿಕೆ ನನಗೆ ಹಿಂದೆ ಎಂದೂ ಆಗಿರಲಿಲ್ಲ.

ಆಗ ಮಿಲ್ಲಿನ ಸಂಗು ಊದಿತು. ಅದು ಊದಿದ ಮೇಲೆಯೇ ಜನ ಬರುವುದೆಂಬುದನ್ನು ಎರಡು ತಿಂಗಳ ನಿದ್ದೆ ನನಗೆ ಮರೆಸಿಬಿಟ್ಟಿತ್ತು. ಬೀದಿಯ ಬಾಗಿಲುಗಳು ಒಂದರ ಹಿಂದೆ ಒಂದು ತೆರೆದವು. ಎಲ್ಲರೂ ಕುಂಚ ಹಿಡಿದು ದಿನದಂತೆ ಬಂದು ಎರಡು ಸಾಲಾಗಿ ನಿಂತರು. "ಸಂಗಿಗೆ ಮುಂಚೆ ಯಾರಾದ್ರೂ ಗಂಜಿ ಹಾಕ್ತಾರಾ?" ಎಂದು ಲಿಂಗಪ್ಪ ಮಾಮ ಅಂಟಿದ ಎಳೆಗಳನ್ನು ನೀರು ಚಿಮುಕಿಸಿ ಬಿಡಿಸತೊಡಗಿದರು.

"ಮಾಮ, ನಾನು ನಿಮ್ಮ ಯಾರ ಕೆಲಸಕ್ಕೂ, ಯಾರ ವೇಲೆಗೂ ಬರಲಿಲ್ಲವಲ್ಲ?" ಎಂದೆ.

"ನೀನು ಬರ್ಲಿಲ್ಲ. ನಿಮ್ಮ ಮನೆ ಒಂದು ದಿನಾನೂ ತಪ್ಪಿಲ್ವಲ್ಲ," ಎಂದರು ಮಾಮ. "ಚೌಡಮ್ಮ ಬರ್ತಾ ಇದ್ಲು. ಎಳೆ ಕಡೀದೆ ವೇಲೆ ಮಾಡ್ತಾಳೆ. ನಾವೂ ಸುಮ್ನಿದ್ವಿ."

ಪಾವು ಉಳಿಯಿತು. ನಾನು ಹಾಳು ಮಾಡಿದ ಒಂದು ಮೊಳವನ್ನು ಕತ್ತರಿಸಿ ಹಾಕಿದರು, ಸೀರೆಗೇನೂ ಕೊರತೆಯಾಗಲಿಲ್ಲ. ನನ್ನ ತಲೆ ಮಾತ್ರ ಇನ್ನೂ ಸರಿಹೋಗಿಲ್ಲ. ಎರಡು ತಿಂಗಳು ನಾನೊಂದು ಹಿಂದುಳಿದ ದೇಶವೆಂದು ತಿಳಿದಿದ್ದೆ. ನೋಡಿದರೆ ನಾನೇ ಶ್ರೀಮಂತ ದೇಶ. ಬೇರೊಬ್ಬರು ಕತ್ತಲಲ್ಲಿ ಎದ್ದು ದುಡಿಯುತ್ತಿದ್ದರು, ನಾನು ಕೆನ್ನೆ ತುಂಬಿಕೊಂಡು ಇದು ನನ್ನ ಸಿದ್ಧಾಂತದ ಫಲವೆಂದು ಹೇಳಿಕೊಳ್ಳುತ್ತಿದ್ದೆ. ಮೂರು ಭಾನುವಾರ ಕೂತರೂ ಇದನ್ನು ನನಗೆ ಒಬ್ಬರೂ ಹೇಳಲಿಲ್ಲ. ಹೇಳಿದ್ದರೂ ತಲೆದೂಗಿ ಬಂದು ಮಲಗಿರುತ್ತಿದ್ದೆನೇನೋ.

ಸಂಜೆ ಚೌಡಮ್ಮನಿಗೆ ಈ ಹೊಸ ಸಿದ್ಧಾಂತವನ್ನು ವಿವರಿಸಲು ಹೋದೆ. ಅವಳು ಕಂಡಿಕೆಗೆ ನೂಲು ಸುತ್ತುತ್ತಾ ಅರ್ಧ ಕೇಳಿದಳು. "ಎಲ್ಲಾ ಸರಿ. ನಾಳೆ ಲಿಂಗಪ್ಪ ಮಾಮನ ಮನೆ ಪಾವು. ನಾನು ಮಲಕ್ಕೊತೀನಿ," ಎಂದಳು. ನಾನು ತಲೆದೂಗಿದೆ.