ಸಾಹುಕಾರ್ರ ಹಿಂದೆ ಓಡುವವರು

ಶರ… ಶರತ್ತು ಅಲ್ಲ. ಹತ್ತಿರದ್ದೇ ಏನೋ. ನಮ್ಮ ಬಾಗಲಕೋಟೆ ಕಡೆ ಎತ್ತಿನ ಗಾಡಿ ಓಡಿಸಲಿ, ಕಲ್ಲು ಎತ್ತಲಿ, ಎಲ್ಲಕ್ಕೂ ಅದೊಂದೇ ಮಾತು. ನಾಲಿಗೆಯ ತುದಿಗೆ ಬಂದು ನಿಂತಿದೆ. ಎದುರಿಗೆ ಮೊಮ್ಮಗಳು ಪೆನ್ನು ಹಿಡಿದು ಕೂತಿದ್ದಾಳೆ. ಪಂದ್ಯ ಎನ್ನುವುದಕ್ಕೆ ಬೇರೆ ಯಾವ ಯಾವ ಪದಗಳಿವೆ ಎಂದು ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ಅವಳ ಟೀಚರು ಹೇಳಿದ್ದಾರಂತೆ. ಸ್ಪರ್ಧೆ, ಪೈಪೋಟಿ, ಜಿದ್ದು, ಹಣಾಹಣಿ, ಮೇಲಾಟ, ಟೂರ್ನಮೆಂಟು ಎಂದು ಹೇಳುತ್ತಾ ಹೋದೆ. ಹಾಂ, ಶರ್ಯತ್ತು. ಸಿಕ್ಕಿತು.

ಪದಗಳೇನೋ ಸಿಗುತ್ತವೆ. ಆದರೆ ಅವುಗಳನ್ನು ಹೇಳುವಾಗ ನನಗೆ ನಗು ತಡೆಯುವುದಿಲ್ಲ. ಟೀಚರ್ ಕೆಲಸ ಸಿಕ್ಕಿ ಬಣಕಲ್ ಹತ್ತಿರದ ಶಾಲೆಗೆ ಬಂದವಳು ನಾನು, ಇಲ್ಲೇ ಉಳಿದುಬಿಟ್ಟೆ. ಇಲ್ಲಿಯವರು ನಾಯಿಯನ್ನು ಗದರಿಸುವುದೂ ಮೆಲ್ಲಗೆ. ನನ್ನದು ಬಯಲುಸೀಮೆಯ ಗಂಟಲು. ಹಾಗಾಗಿ ಪಕ್ಕದ ಎಸ್ಟೇಟಿನಲ್ಲಿ ಕಾಫಿ ಕುಯ್ಲು ಮುಗಿದ ಮೇಲೆ ವರ್ಷವೂ ನಡೆಯುವ ಕ್ರೀಡಾಕೂಟಕ್ಕೆ ಮೈಕು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ರಿಟೈರ್ ಆದರೂ ಬಿಟ್ಟಿಲ್ಲ. ಅಲ್ಲಿ ಒಂದು ವರ್ಷವೂ ಏನಾದರೊಂದು ನಡೆಯದೆ ಇರುವುದಿಲ್ಲ.

ಪಂದ್ಯ

ಮೊದಲನೇ ವರ್ಷ. ಕಾಫಿ ಒಣಗಿಸುವ ಕಣದಲ್ಲೇ ಗಂಡಸರ ಓಟ. ಎಸ್ಟೇಟಿನ ಸಾಹುಕಾರ್ರೂ ಪ್ಯಾಂಟು ಮಡಚಿಕೊಂಡು ಗೆರೆಯ ಮೇಲೆ ನಿಂತರು. ದೊಡ್ಡ ತೋಟದವರೇನಲ್ಲ, ಆಳುಗಳ ಜೊತೆ ತಾವೂ ಕೆಲಸಕ್ಕೆ ಇಳಿಯುವವರು. ನಾನು ಸೀಟಿ ಊದಿದೆ. ಎಲ್ಲರೂ ಓಡಿದರು. ಆದರೆ ಎಲ್ಲರೂ ಸಾಹುಕಾರ್ರ ಹಿಂದೆ ಓಡಿದರು. ಅವರು ಜೋರಾಗಿ ಓಡಿದರೆ ಇವರೂ ಜೋರು, ಅವರಿಗೆ ಏದುಸಿರು ಬಂದರೆ ಇವರಿಗೂ ಬಂತು. ಮದುವೆ ದಿಬ್ಬಣದ ಹಾಗಿತ್ತು.

ಅರ್ಧ ದಾರಿಯಲ್ಲಿ ಸಾಹುಕಾರ್ರ ಬೂಟಿನ ಲೇಸು ಬಿಚ್ಚಿತು. ಅವರು ಬಗ್ಗಿದರು. ಹಿಂದಿದ್ದವರೆಲ್ಲ ನಿಂತರು. ನಾನು ನಮ್ಮೂರಿನ ರೀತಿಯಲ್ಲಿ, ಓಡ್ರಿ, ಯಾಕ್ ನಿಂತ್ರಿ ಅಂತ ಮೈಕಿನಲ್ಲಿ ಕೂಗಿದೆ. ಆಳುಗಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಗುಂಪಿನಿಂದ ಹೊರಗೆ ಬಂದ. ನಿಧಾನವಾಗಿ ನನ್ನ ಮೇಜಿನ ತನಕ ನಡೆದು, ಕೈ ಕಟ್ಟಿಕೊಂಡು ಹೇಳಿದ:

"ಸ್ವಲ್ಪ ತಡೀರಿ ಟೀಚರಮ್ಮ. ಅವ್ರು ಲೇಸ್ ಕಟ್ಕೊಳ್ತಿದ್ದಾರೆ."

ಹೇಳಿ ವಾಪಸ್ ಹೋಗಿ ಗುಂಪಿನಲ್ಲಿ ತನ್ನ ಜಾಗದಲ್ಲೇ ನಿಂತುಕೊಂಡ.

ಪೈಪೋಟಿ

ಹೀಗೆ ವರ್ಷಕ್ಕೊಂದರಂತೆ ಸಾಹುಕಾರ್ರ ಮನೆಗೆ ಬಹುಮಾನದ ಕಪ್ಪುಗಳು ಬಂದವು. ಮನೆಯ ಪಡಸಾಲೆಯಲ್ಲಿ ಗಾಜಿನ ಬೀರು ಇದೆ. ಅದರೊಳಗೆ ಒಂದು ಕಪ್ಪೂ ಇಲ್ಲ. ಒಂದು ದಿನ ಕಾಫಿಗೆ ಹೋದಾಗ ಅವೆಲ್ಲ ಎಲ್ಲಿ ಎಂದು ಅವರ ಹೆಂಡತಿಯನ್ನು ಕೇಳಿದೆ. ಅಡುಗೆಮನೆಗೆ ಕರೆದುಕೊಂಡು ಹೋಗಿ ತೋರಿಸಿದರು. ಒಂದರಲ್ಲಿ ಸೌಟುಗಳು ನಿಂತಿದ್ದವು. ಒಂದರಲ್ಲಿ ಹುಣಸೆಹಣ್ಣು. ಎಲ್ಲಕ್ಕಿಂತ ದೊಡ್ಡದು ಹಿತ್ತಲಿನಲ್ಲಿತ್ತು, ಅದರಲ್ಲಿ ನಾಯಿ ನೀರು ಕುಡಿಯುತ್ತಿತ್ತು.

ಗೆದ್ದದ್ದಾದರೆ ಬೀರುವಿನಲ್ಲಿ ಇಡಬಹುದು, ಇವೆಲ್ಲ ಆಳುಗಳು ಮರ್ಯಾದೆಗೆ ಕೊಟ್ಟದ್ದು ಅನ್ನುವುದು ಆಕೆಯ ವಾದ. ಸಾಹುಕಾರ್ರು ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು.

"ಒಂದಾದ್ರೂ ನಿಜವಾಗಿ ಗೆದ್ದು ತಂದು ಆ ಬೀರುನಲ್ಲಿ ಇಡ್ತೀನಿ, ನೋಡ್ತಾ ಇರು," ಅಂದರು.

"ಬೇಗ ತನ್ನಿ. ಮಂಡಿ ನೋವಿನ ಎಣ್ಣೆ ಬಾಟ್ಲಿ ಖಾಲಿ ಆಗ್ತಾ ಬಂತು," ಅಂದರು ಆಕೆ.

ಹಣಾಹಣಿ

ಗುಂಪಿನ ಆಟವಾದರೆ ಯಾರೂ ಬಿಟ್ಟುಕೊಡಲಾರರು ಎಂದು ಸಾಹುಕಾರ್ರು ಮುಂದಿನ ವರ್ಷ ಹಗ್ಗಜಗ್ಗಾಟ ಇಡಿಸಿದರು. ಈ ಕಡೆಗೆ ಅವರು ಮುಂದಾಳು, ಆ ಕಡೆಗೆ ಮೇಸ್ತ್ರಿ. ನಾನು ಮೈಕಿನಲ್ಲಿ ಹಣಾಹಣಿ, ಹಣಾಹಣಿ ಎಂದು ಗಂಟಲು ಹರಿದುಕೊಂಡೆ. ಸಾಹುಕಾರ್ರು ಹಲ್ಲು ಕಚ್ಚಿ ಎಳೆದರು. ಆ ಕಡೆಯವರೂ ಹಲ್ಲು ಕಚ್ಚಿದರು, ಮುಖ ಕೆಂಪಗೆ ಮಾಡಿಕೊಂಡರು, ಅಯ್ಯಯ್ಯೋ ಎಂದರು. ಆದರೆ ಕಾಲು ಮಾತ್ರ ಒಂದೊಂದೇ ಹೆಜ್ಜೆ ಮುಂದಕ್ಕೆ ಬರುತ್ತಿತ್ತು. ಸಾಹುಕಾರ್ರು ಎಳೆಯುವುದಕ್ಕಿಂತ ಇವರು ಬರುವುದೇ ಬೇಗ ಆಯಿತು. ನೋಡನೋಡುತ್ತಿದ್ದ ಹಾಗೆ ಹಗ್ಗ ನಡುವೆ ಜೋತು ನೆಲ ಮುಟ್ಟಿತು.

ಜನರ ನಡುವಿನಿಂದ ಸಾಹುಕಾರ್ರ ಹೆಂಡತಿಯ ದನಿ ಬಂತು. "ಹಾಗೇ ಹಿಡ್ಕೊಂಡಿರ್ರೋ, ಒದ್ದೆ ಬಟ್ಟೆ ತರ್ತೀನಿ."

ಜಿದ್ದು

ಹೆಂಗಸರ ಆಟದಲ್ಲಿ ಈ ಮರ್ಯಾದೆಯ ಕಾಟ ಇಲ್ಲವೇ ಇಲ್ಲ. ಮ್ಯೂಸಿಕಲ್ ಚೇರ್ ಇಟ್ಟ ವರ್ಷ ಕಡೆಗೆ ಒಂದು ಕುರ್ಚಿ, ಇಬ್ಬರು ಹೆಂಗಸರು ಉಳಿದರು. ಒಬ್ಬರು ಸಾಹುಕಾರ್ರ ಹೆಂಡತಿ, ಇನ್ನೊಬ್ಬಳು ಕಾಫಿ ಕುಯ್ಯುವುದರಲ್ಲಿ ಎಲ್ಲರಿಗಿಂತ ಚುರುಕಾದ ಹೆಂಗಸು. ಹಾಡು ನಿಂತಿತು. ಆ ಹೆಂಗಸು ಸೊಂಟದಿಂದ ಒಂದು ತಳ್ಳು ಕೊಟ್ಟಳು ನೋಡಿ, ಸಾಹುಕಾರ್ರ ಹೆಂಡತಿ ಕಣದ ಮೇಲೆ ದೊಪ್ಪನೆ ಕೂತರು.

ಗಂಡಸರೆಲ್ಲ ಸಾಹುಕಾರ್ರ ಮುಖ ನೋಡಿದರು. ಇನ್ನು ಇವಳಿಗೆ ನಾಳೆಯಿಂದ ಕೆಲಸ ಇಲ್ಲ ಎಂದು ನನ್ನ ಪಕ್ಕದಲ್ಲಿದ್ದವರು ಪಿಸುಗುಟ್ಟಿದರು. ತಳ್ಳಿದವಳು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಕೂತಲ್ಲಿಂದಲೇ ಕೈ ಚಾಚಿ, "ಏಳಿ ಅಮ್ಮಾವ್ರೇ, ಪೆಟ್ಟಾಯ್ತಾ?" ಅಂದಳು.

ಆಕೆ ಕೈ ಹಿಡಿದು ಎದ್ದು, ಸೀರೆ ಕೊಡವಿಕೊಂಡು, ಬಿದ್ದುಬಿದ್ದು ನಕ್ಕರು. ಆಮೇಲೆ ಸೊಂಟ ಹಿಡಿದುಕೊಂಡೇ ಗಂಡನ ಹತ್ತಿರ ಹೋದರು.

"ನನ್ನನ್ನ ಎಲ್ರ ಎದುರು ಕೆಡವಿದ್ರು. ನಿಮಗೆ ಆ ಭಾಗ್ಯ ಉಂಟಾ?"

ಸ್ಪರ್ಧೆ

ಆ ಮಾತು ಸಾಹುಕಾರ್ರಿಗೆ ಚುಚ್ಚಿತು. ಈ ವರ್ಷ ಅವರೇ ಯೋಚನೆ ಮಾಡಿ ಒಂದು ಆಟ ಆರಿಸಿದರು. ನಿಧಾನ ಸೈಕಲ್. ಗೊತ್ತಲ್ಲ, ಅದರಲ್ಲಿ ಎಲ್ಲರಿಗಿಂತ ಕಡೆಗೆ ಗೆರೆ ಮುಟ್ಟಿದವನು ಗೆದ್ದ. ಕಾಲು ನೆಲಕ್ಕೆ ತಾಗಿದರೆ ಔಟ್. ವಯಸ್ಸಾದ ಮಂಡಿಗೆ ಓಟ ಬೇಡ, ಹಗ್ಗ ಬೇಡ, ಹಿಡಿತ ಒಂದಿದ್ದರೆ ಸಾಕು. ಬೆಳಗ್ಗೆ ಎದ್ದು ಕಣದಲ್ಲಿ ಅಭ್ಯಾಸ ಶುರು ಮಾಡಿದರು. ಎಷ್ಟು ನಿಧಾನ ಅಂದರೆ ಅವರ ನಾಯಿ ಅವರನ್ನು ದಾಟಿ ಹೋಗಿ, ಕೂತು, ಮೈ ಕೆರೆದುಕೊಂಡು, ಅವರಿಗಾಗಿ ಕಾಯುತ್ತಿತ್ತು. ಇಡೀ ಎಸ್ಟೇಟಿನಲ್ಲಿ ಅವರನ್ನು ದಾಟಿ ಹೋಗುವ ಧೈರ್ಯ ಇದ್ದದ್ದು ಅದಕ್ಕೊಂದಕ್ಕೇ.

ನಿಜವಾಗಿ ಚೆನ್ನಾಗಿ ಕಲಿತಿದ್ದರು. ಈ ಸಲ ಯಾರಾದರೂ ಬಿಟ್ಟುಕೊಟ್ಟದ್ದು ಕಂಡರೆ ಕ್ರೀಡಾಕೂಟವನ್ನೇ ನಿಲ್ಲಿಸಿಬಿಡುತ್ತೇನೆ ಎಂದು ಎಲ್ಲರನ್ನೂ ಕರೆದು ಹೇಳಿದ್ದರು. ಅವರ ಜೊತೆಗೆ ಸೈಕಲ್ ಹತ್ತಿದವರು ಮೂವರು: ಮೇಸ್ತ್ರಿ, ಎಸ್ಟೇಟಿನ ಲೆಕ್ಕ ನೋಡುವ ರೈಟರು, ಜೀಪಿನ ಡ್ರೈವರ್. ಶುರುವಾಗುವ ಮೊದಲು ಮೇಸ್ತ್ರಿ ನನ್ನ ಹತ್ತಿರ ಬಂದ. ಮುಖ ಸಪ್ಪಗಿತ್ತು.

"ಮುಂದೆ ಹೋದ್ರೆ ಅವ್ರಿಗೆ ಮರ್ಯಾದೆ ಕೊಟ್ಟ ಹಾಗಾಗಲ್ಲ. ಹಿಂದೆ ಉಳಿದ್ರೆ ಅವ್ರನ್ನ ಸೋಲಿಸಿದ ಹಾಗೆ. ಏನು ಮಾಡೋದು ಟೀಚರಮ್ಮ?"

ಸುಮ್ಮನೆ ಬಂದ ಹಾಗೆ ಸೈಕಲ್ ಹೊಡಿ ಮಾರಾಯ ಅಂದೆ.

ಸೀಟಿ ಊದಿದೆ. ಸಾಹುಕಾರ್ರು ಇರುವೆ ಹರಿದ ಹಾಗೆ ಹೊರಟರು. ಸ್ವಲ್ಪ ಹೊತ್ತಿಗೆ ರೈಟರ ಸೈಕಲ್ಲಿನ ಮುಂದಿನ ಚಕ್ರ ಅವರ ಚಕ್ರದ ಸಮಕ್ಕೆ ಬಂತು. ಇನ್ನು ಚೂರು ಹೋದರೆ ದಾಟಿದ ಹಾಗೆ. ರೈಟರು ಗಾಬರಿಯಿಂದ ಬ್ರೇಕು ಹಿಡಿದು ಕಾಲು ಊರಿಬಿಟ್ಟರು. ಔಟ್. ಆಮೇಲೆ ಮೇಸ್ತ್ರಿಯೂ ಅವರ ಸಮಕ್ಕೆ ಬಂದ. ಅವನೂ ಕಾಲು ಊರಿದ. ಅಭ್ಯಾಸ ಎಲ್ಲಿ ಹೋಗುತ್ತದೆ?

ಉಳಿದವನು ಡ್ರೈವರ್. ಅವನು ಘಾಟಿ ರಸ್ತೆಯಲ್ಲಿ ಲಾರಿಗಳ ಹಿಂದೆ ತೆವಳಿ ತೆವಳಿ ಪಳಗಿದವನು. ಸಾಹುಕಾರ್ರ ಹಿಂದೆ ಒಂದು ಗಾಲಿಯಷ್ಟು ಜಾಗ ಬಿಟ್ಟು, ತಲೆ ತಗ್ಗಿಸಿ, ಅಲುಗಾಡದೆ ಬರುತ್ತಿದ್ದ. ಅವರು ನಿಂತ ಹಾಗೆ ಆದರೆ ಇವನೂ ನಿಂತ ಹಾಗೆ. ಬೀಳುವವನಲ್ಲ, ದಾಟುವವನೂ ಅಲ್ಲ. ಸಾಹುಕಾರ್ರಿಗೆ ಬೆನ್ನ ಹಿಂದೆ ಉಸಿರು ಕೇಳಿಸುತ್ತಿತ್ತಂತೆ. ಹ್ಯಾಂಡಲ್ ನಡುಗಿತು. ಬೀಳುವ ಬದಲು ಮುಂದೆ ಹೋದರು. ಗೆರೆ ದಾಟಿದರು.

ಒಂದು ಗಾಲಿಯಷ್ಟು ಹಿಂದೆ ಡ್ರೈವರೂ ದಾಟಿದ, ಕಡೆಗೆ ಮುಟ್ಟಿ ಗೆದ್ದವನು ಅವನೇ. ಡ್ರೈವರ್ ಸೈಕಲ್ಲನ್ನು ಗೆರೆಯ ಆಚೆ ಬಿಟ್ಟು ಓಡಿ ಬಂದ. ಕಣ್ಣಲ್ಲಿ ನೀರು.

"ತಪ್ಪಾಯ್ತು. ನಿಮ್ಮನ್ನ ದಾಟಿ ಹೋಗೋಕೆ ಕಾಲು ಬರ್ಲಿಲ್ಲ."

ಸಾಹುಕಾರ್ರು ಅವನನ್ನು ನೋಡಿದರು, ಗೆರೆಯನ್ನು ನೋಡಿದರು. "ಹಾಗಾದ್ರೆ ನಾನು ಸೋತೆನಾ?" ಎಂದು ನನ್ನನ್ನು ಕೇಳಿದರು. ಸೋತಿರಿ ಅಂದೆ. ಅವರ ಮುಖದಲ್ಲಿ ನಗು ಹರಡಿತು.

ಬಹುಮಾನ ಕೊಡುವಾಗ ಇನ್ನೊಂದು ಪೇಚು. ಮೊದಲ ಬಹುಮಾನಕ್ಕೆ ಡ್ರೈವರ್ ಹೆಸರು ಕೂಗಿದರೆ ಅವನು ಬರಲೊಲ್ಲ. ಅವರು ತಗೊಂಡ ಮೇಲೆ ನಾನು ಅಂತ ಹಟ. ಕಡೆಗೆ ಎರಡನೇ ಬಹುಮಾನವನ್ನೇ ಮೊದಲು ಕೊಟ್ಟೆವು. ಎರಡನೇ ಬಹುಮಾನ ಒಂದು ಕೆಂಪು ಪ್ಲಾಸ್ಟಿಕ್ ಬಕೆಟ್.

ಮೈಕು, ಬಾಕ್ಸು ಇದ್ದದ್ದರಿಂದ ನನ್ನನ್ನೂ ಜೀಪಿನಲ್ಲೇ ಕರೆದುಕೊಂಡು ಹೊರಟರು. ಬಕೆಟ್ಟನ್ನು ಹಿಂದೆ ಇಡಲು ಡ್ರೈವರ್ ಕೈ ಚಾಚಿದ. ನೀನು ನಿನ್ನ ಕಪ್ಪು ಹಿಡಿದುಕೋ ಎಂದು ಸಾಹುಕಾರ್ರು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಮೊದಲೇ ಮನೆ ಸೇರಿದ್ದ ಅವರ ಹೆಂಡತಿ ಜಗಲಿಯಲ್ಲಿ ನಿಂತಿದ್ದರು. ಏನೂ ಗೊತ್ತಿಲ್ಲದವರ ಹಾಗೆ ಕೇಳಿದರು.

"ಇದನ್ನ ಯಾರು ಕೊಟ್ರು?"

"ಯಾರೂ ಕೊಟ್ಟಿದ್ದಲ್ಲ ಕಣೇ. ನಾನೇ ಸೋತು ಸಂಪಾದಿಸಿದ್ದು."

ಆಕೆ ಬಕೆಟ್ ಇಸಿದುಕೊಂಡು, ಸೆರಗಿನಿಂದ ಒರೆಸಿ, ಒಳಗೆ ಹೋದರು. ಗಾಜಿನ ಬೀರುವಿನ ಬಾಗಿಲು ತೆಗೆದ ಸದ್ದು ಜಗಲಿಗೆ ಕೇಳಿಸಿತು. ಒಳಗಿನಿಂದಲೇ ಕೂಗಿದರು: "ಇದರ ಹಿಡಿಕೆ ಮಡಚುತ್ತಾ ಇಲ್ವಾ ನೋಡಿ, ಬಾಗಿಲು ಹಾಕ್ಲಿಕ್ಕೆ ಆಗ್ತಾ ಇಲ್ಲ."

ಮೊಮ್ಮಗಳು ಪೆನ್ನು ಮೇಲೆತ್ತಿಕೊಂಡು ನನ್ನನ್ನೇ ನೋಡುತ್ತಿದ್ದಾಳೆ. "ಅಜ್ಜಿ, ಇದರಲ್ಲಿ ಯಾವುದನ್ನ ಬರೀಲಿ?"

ಬಕೆಟ್ ಇಟ್ಟಿದ್ದನ್ನ ಬರ್ಕೊ ಪುಟ್ಟಿ. ಪದ ಆಮೇಲೆ ನೋಡೋಣ.