ಮೆಣಸಿನ ಗೋದಾಮಿನ ಮೇಲೆ ಚಿಪ್ ಪರೀಕ್ಷೆ

ವ್ಯವಹಾರ ಇಷ್ಟು: ಬೆಂಗಳೂರಿನ ಒಂದು ಕಂಪನಿಯ ಒಂದು ಚಿಪ್‌ಗೆ ನಾವು ಪರೀಕ್ಷೆಯ ಪ್ರೋಗ್ರಾಮು ಮಾಡಿಕೊಡಬೇಕು. ಅದು ಅವರ ಮಷಿನ್ನಿನ ಮೇಲೆ ಸರಿಯಾಗಿ ಓಡಿದರೆ ಉಳಿದ ಚಿಪ್‌ಗಳ ಕೆಲಸವೂ ನಮಗೇ. ಓಡದಿದ್ದರೆ ಬಾಗಿಲು ಹಾಕಿ ಮನೆಗೆ. ನಾನು ಶಿರಸಿಯಲ್ಲಿ ಕಾಳುಮೆಣಸಿನ ವ್ಯಾಪಾರಿ. ನನಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಇಂಥವು ನನ್ನನ್ನು ಹುಡುಕಿಕೊಂಡೇ ಬರುತ್ತವೆ.

೧. ಕಚ್ಚಿ ನೋಡುವುದು

ಎರಡು ಸಾವಿರದ ಏಳೆಂಟರ ಸುಮಾರು. ಸಿದ್ದಾಪುರದ ಹುಡುಗಿಯೊಬ್ಬಳು, ಬೆಂಗಳೂರಿನಲ್ಲಿ ಅನುಭವ ಆದ ಇಂಜಿನಿಯರ್, ಗೋದಾಮಿನ ಮೇಲಿನ ಮಾಳಿಗೆ ಬಾಡಿಗೆಗೆ ಕೇಳಲು ಬಂದಳು. ಪಾಲುದಾರಿಕೆಗೂ ಕರೆದಳು.

"ಏನು ಮಾಡ್ತೀರಿ ತಂಗಿ?" ಎಂದೆ.

"ಚಿಪ್ ತಯಾರಾದ ಮೇಲೆ ಒಂದು ಮಷಿನ್ ಅದನ್ನ ಪರೀಕ್ಷೆ ಮಾಡ್ತದೆ ಶೆಟ್ರೆ. ಯಾವ ಪರೀಕ್ಷೆ, ಎಷ್ಟಕ್ಕೆ ಪಾಸು ಅಂತ ಮಷಿನ್ನಿಗೆ ಹೇಳೋ ಪ್ರೋಗ್ರಾಮು ನಮ್ಮದು. ರೂಬಿ ಅನ್ನೋ ಭಾಷೆಯಲ್ಲಿ ಬರೀತೇವೆ. ನೀವು ಮೆಣಸು ಹೇಗೆ ನೋಡ್ತೀರಿ?"

"ಒಂದು ಕಾಳು ಕಚ್ಚಿ."

"ಮಷಿನ್ನೂ ಹಾಗೇ. ಕರೆಂಟಿನಲ್ಲಿ ಕಚ್ತದೆ. ಒಂದೂ ಬಿಡದೆ."

"ಎಲ್ಲಾ ಕಚ್ಚಿದ ಮೇಲೆ ಮಾರೋದು ಏನನ್ನ?"

"ಕಚ್ಚಿದ್ದನ್ನೇ."

ಮಾದರಿ ಎಂದು ಕಚ್ಚಿ ಉಗುಳಿ ನಾನು ಕಳೆದ ಮೆಣಸು ಎಷ್ಟೋ. ಕಚ್ಚಿದ್ದನ್ನೇ ಮಾರುವ ವ್ಯಾಪಾರಕ್ಕೆ ಮಾಳಿಗೆ ಕೊಟ್ಟು ಪಾಲುದಾರನಾಗದೆ ಇರಲು ನನಗೇನು ಹುಚ್ಚೇ?

೨. ಇಲ್ಲದ ಕಾಲು

ಅವಳ ಜೊತೆಗೆ ನಂದೊಳ್ಳಿಯ ಹುಡುಗನೊಬ್ಬ ಸೇರಿದ. ಅವನೂ ಇಂಜಿನಿಯರ್. ಜಾಣ, ಆದರೆ ಅವಸರದವ. ಈ ಪ್ರೋಗ್ರಾಮಿನಲ್ಲಿ ಒಂದು ಸಣ್ಣ ಫೈಲು ಇರುತ್ತದಂತೆ. ಪರೀಕ್ಷೆ ಯಾವ ಚಿಪ್‌ಗೆ ಎಂದು ಅದರಲ್ಲಿ ಬರೆಯಬೇಕು. ಅದನ್ನು ನೋಡಿಕೊಂಡು ಉಳಿದದ್ದೆಲ್ಲ ತಾನೇ ಹೊಂದಿಕೊಳ್ಳುತ್ತದೆ. ಇವನು ಅಭ್ಯಾಸಕ್ಕೆಂದು ಬೇರೆ ಯಾವುದೋ ದೊಡ್ಡ ಚಿಪ್‌ನ ಹೆಸರು ಹಾಕಿಕೊಂಡಿದ್ದ; ಅದಕ್ಕೆ ಕಾಲು, ಅಂದರೆ ಕರೆಂಟು ಹೋಗುವ ಪಿನ್ನು, ಜಾಸ್ತಿ. ತೆಗೆಯಲು ಮರೆತು ಹಾಗೇ ಕಳಿಸಿಬಿಟ್ಟ.

ಕಂಪನಿಯ ಮ್ಯಾನೇಜರರ ಫೋನು ಬಂತು. "ನಮ್ಮ ಚಿಪ್‌ಗೆ ಇಲ್ಲದ ಕಾಲು ಹುಡುಕಿಕೊಂಡು ನಿಮ್ಮ ಪ್ರೋಗ್ರಾಮು ಕರೆಂಟು ಕೊಡ್ತಾ ಇದೆಯಲ್ರೀ!"

ನಂದೊಳ್ಳಿಯವ ಗಾಬರಿಯಲ್ಲಿ, "ಕಾಲು ಇಲ್ಲಿಂದ ಕಳಿಸಿದ್ವಲ್ಲ ಸರ್, ಅಲ್ಲಿ ಬಂದಿಲ್ವಾ?" ಎಂದ.

ಮ್ಯಾನೇಜರರು ಫೋನಿಟ್ಟರು. ಅವರಿಗೆ ಸಮಾಧಾನ ಹೇಳಿ ಇನ್ನೊಂದು ಅವಕಾಶ ತೆಗೆದುಕೊಳ್ಳಲು ಸಿದ್ದಾಪುರದವಳಿಗೆ ಇಡೀ ಮಧ್ಯಾಹ್ನ ಬೇಕಾಯಿತು. ಅಂದಿನಿಂದ ನನ್ನ ಹಮಾಲರೂ ಲಾರಿ ತುಂಬುತ್ತ ಕೆಳಗಿನಿಂದ ಕೂಗುತ್ತಿದ್ದರು: "ತಮಾ, ಇವತ್ತು ಕಾಲೆಲ್ಲ ಸರಿ ಇದಾವನೋ?"

೩. ಕೊಸರು

ಒಂದು ದಿನ ಮಾಳಿಗೆಯಲ್ಲಿ ಜೋರು ಗಲಾಟೆ. ಹತ್ತಿ ಹೋದೆ.

"ಎಂತ ಮಾಡಿದ್ಯೋ ಮಾರಾಯಾ! ಪಾಸಿನ ಮಿತಿಯನ್ನೇ ಕೆಳಗಿಳಿಸಿದ್ಯಲೋ!" ಎಂದು ಅವಳು ಬಯ್ಯುತ್ತಿದ್ದಳು.

"ಕೂದಲೆಳೆಯಷ್ಟರಲ್ಲಿ ಫೇಲಾಗ್ತಿತ್ತು ಅಕ್ಕಾ, ಪಾಪ. ಆನು ಚೂರು ಕೊಸರು ಕೊಟ್ಟಿ, ಅಷ್ಟೇ." ನನ್ನ ಕಡೆ ತಿರುಗಿದ. "ನೀವೇ ಹೇಳಿ ಶೆಟ್ರೆ, ಗಿರಾಕಿಗೆ ನೀವು ಕೊಸರು ಕೊಡೋದಿಲ್ವಾ?"

"ಕೊಡ್ತೇನೆ. ತೂಕ ಮುಗಿದ ಮೇಲೆ ಒಂದು ಹಿಡಿ. ನೀನು ತೂಕದ ಕಲ್ಲನ್ನೇ ಕೆತ್ತಿದ್ದೀಯಲ್ಲೋ! ಅದಕ್ಕೆ ತೂಕ-ಅಳತೆಯವರು ಕೇಸು ಹಾಕ್ತಾರೆ."

ಹುಡುಗ ಬೆವರಿದ, ಕೂಡಲೇ ಮಿತಿ ಮೇಲಕ್ಕೇರಿಸಿದ. ಆಮೇಲೂ ಸರಕಾರಿ ಜೀಪು ನಮ್ಮ ಓಣಿಗೆ ಬಂದರೆ ಸಾಕು, ಮಾನಿಟರ್ ಆರಿಸಿ ಕೈಕಟ್ಟಿ ಕೂರುತ್ತಿದ್ದ. ಜೀಪು ಬರುತ್ತಿದ್ದದ್ದು ಎದುರುಮನೆಗೆ ಮಲೇರಿಯಾದ ಔಷಧಿ ಹೊಡೆಯಲು.

೪. ಖಂಡೇಪೂಜೆ

ಹಬ್ಬದ ರಜೆಯಲ್ಲಿ ಮಷಿನ್ ಬಿಡುವಾಗಿರುತ್ತದೆ, ಅವತ್ತೇ ನಿಮ್ಮದನ್ನು ಓಡಿಸಿ ನೋಡುತ್ತೇವೆ ಎಂದು ಕಂಪನಿಯವರು ಹೇಳಿದ್ದರು. ಆ ದಿನ ಖಂಡೇಪೂಜೆ, ಅಂದರೆ ದಸರೆಯ ಆಯುಧಪೂಜೆ. ಪ್ರೋಗ್ರಾಮು ಹಿಂದಿನ ದಿನವೇ ಹೋಗಿತ್ತು, ಹಾಗಾಗಿ ನಾವು ನಿಶ್ಚಿಂತೆ. ನನ್ನ ಹೆಂಡತಿ ಬನವಾಸಿ ಕಡೆಯವಳು, ಪೂಜೆಯಲ್ಲಿ ಕಟ್ಟುನಿಟ್ಟು. ತಕ್ಕಡಿ, ಜರಡಿ, ಚೀಲದ ಕೊಕ್ಕೆ ಎಲ್ಲ ಮುಗಿಸಿ ಮಾಳಿಗೆ ಹತ್ತಿ, ಕಂಪ್ಯೂಟರುಗಳಿಗೂ ವಿಭೂತಿ ಎಳೆದು ಚೆಂಡುಹೂ ಏರಿಸಿದಳು. ಪೂಜೆಯಾದ ಆಯುಧವನ್ನು ಮರುದಿನ ಬನ್ನಿ ಕೊಡುವವರೆಗೆ ಯಾರೂ ಕೆಲಸಕ್ಕೆ ಮುಟ್ಟುವಂತಿಲ್ಲ.

ಮಧ್ಯಾಹ್ನ ಮ್ಯಾನೇಜರರ ಫೋನು. "ನಾವು ಹೇಳಿದ್ದ ಮಷಿನ್ ಕೆಟ್ಟಿದೆ, ಪಕ್ಕದ್ದರಲ್ಲಿ ಓಡಿಸಬೇಕು. ಮಷಿನ್ನಿನ ಹೆಸರು ಒಂದು ಸಾಲು ಬದಲಿಸಿ ಈಗಲೇ ಕಳಿಸಿ. ನಾಳೆ ಮಷಿನ್ ಬೇರೆಯವರಿಗೆ."

ಸಿದ್ದಾಪುರದವಳು ಕೈ ಚಾಚಿದಳು.

"ಏ ತಂಗಿ, ಮುಟ್ಟಬ್ಯಾಡ! ಪೂಜಿ ಆಗೇದ," ಎಂದಳು ನನ್ನ ಹೆಂಡತಿ.

"ಒಂದೇ ಸಾಲು ಅಮ್ಮಾ."

"ಕುಡಗೋಲಿಗೆ ಪೂಜಿ ಮಾಡಿ, ಒಂದೇ ಏಟು ಹೊಡೀತೀನಿ ಅಂದ್ರ ನಡೀತದೇನು?"

ಇಂಟರ್‌ನೆಟ್ ಅಂಗಡಿಗೆ ಓಡಿದ ನಂದೊಳ್ಳಿಯವ ಸಪ್ಪೆ ಮುಖದಿಂದ ಬಂದ. ಅಲ್ಲಿಯ ಕಂಪ್ಯೂಟರುಗಳ ಮೇಲೆ ಕುಂಬಳಕಾಯಿ ಕೂತಿದೆಯಂತೆ. ಸಿದ್ದಾಪುರದವಳ ಕಣ್ಣು ತುಂಬಿತು. ನನಗೆ ನಷ್ಟ ಹೊಸದಲ್ಲ, ಆದರೆ ಒಂದು ಸಾಲಿಗೆ ಇಬ್ಬರ ಉದ್ಯೋಗ ಹೋಗುವುದನ್ನು ನೋಡಿಕೊಂಡು ಕೂರುವುದು ಕಷ್ಟ.

"ಏನರ ದಾರಿ ನೋಡ," ಎಂದೆ ಹೆಂಡತಿಗೆ.

ಅವಳು ಹುಡುಗಿಯ ಮುಖ ನೋಡಿದಳು. "ಪೂಜಿ ಮಾಡಿದಾಕಿ ಮುಟ್ಟಿದ್ರ ಅದು ಕೆಲಸ ಅಲ್ಲ, ಸೇವಾ. ಯಾವ ಗುಂಡಿ ಒತ್ತಬೇಕು ತೋರಸು," ಎಂದು ಕುರ್ಚಿಯಲ್ಲಿ ಕೂತೇಬಿಟ್ಟಳು.

ಸಿದ್ದಾಪುರದವಳು ಹಿಂದೆ ನಿಂತು ಬೆರಳು ತೋರಿಸಿದಳು. ಹೆಂಡತಿ ಉಂಗುರಬೆರಳಿನಿಂದ, ಕುಂಕುಮ ಇಡುವ ಹಾಗೆ, ಒಂದೊಂದೇ ಅಕ್ಷರ ಒತ್ತಿದಳು. ಕಳಿಸುವ ಗುಂಡಿಗೆ ಬಂದಾಗ, "ತಡಿಯವಾ," ಎಂದು ಊದಿನಕಡ್ಡಿ ಬೆಳಗಿ, ಆಮೇಲೆ ಒತ್ತಿದಳು.

ಸಂಜೆ ಮ್ಯಾನೇಜರರ ಫೋನು. ಪ್ರೋಗ್ರಾಮು ಓಡಿತ್ತು. ಒಳ್ಳೆಯ ಚಿಪ್‌ಗಳು ಒಂದು ಕಡೆ, ಕೆಟ್ಟವು ಇನ್ನೊಂದು ಕಡೆ ಚೊಕ್ಕವಾಗಿ ಬಿದ್ದಿದ್ದವು.

"ಕೊನೆಯ ಬದಲಾವಣೆ ಮಾಡಿದವರು ಯಾರು? ದಾಖಲೆಗೆ ಬೇಕು."

ಸಿದ್ದಾಪುರದವಳಿಗೆ ಸುಳ್ಳು ಬರುವುದಿಲ್ಲ. ನನ್ನ ಹೆಂಡತಿಯ ಹೆಸರು ಹೇಳಿದಳು.

"ಅವರ ಅನುಭವ ಎಷ್ಟು ವರ್ಷ?"

ಹುಡುಗಿ ಫೋನಿಗೆ ಕೈ ಅಡ್ಡ ಹಿಡಿದು, "ಅಮ್ಮಾ, ನಿಮ್ಮ ಅನುಭವ ಕೇಳ್ತಿದಾರೆ," ಎಂದಳು.

ಹೆಂಡತಿ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. "ಇವರ ಸಂಗಾಟ ಇಪ್ಪತ್ತೆಂಟು ವರ್ಷ ಆತು ಅಂತ ಹೇಳವಾ."

ಒಟ್ಟು ಲಾಭ: ಉಳಿದ ಚಿಪ್‌ಗಳ ಕೆಲಸವೆಲ್ಲ ನಮಗೆ ಬಂತು, ಮಾಳಿಗೆಗೆ ಇನ್ನೆರಡು ಕುರ್ಚಿ ಏರಿದವು, ಮತ್ತು ಬೆಂಗಳೂರಿನ ಆ ಕಂಪನಿಯ ದಾಖಲೆಯಲ್ಲಿ ನನ್ನ ಹೆಂಡತಿ ಇವತ್ತಿಗೂ ಸೀನಿಯರ್ ಇಂಜಿನಿಯರ್.